ಸೊಯಿಂಕಾ ಅವರನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ವೋಲೆ ಸೊಯಿಂಕಾ ಹೆಸರು ಎತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾಟಕಕ್ಕೇ ಹೆಸರಾದವರು ಅಲ್ವಾ, ಮೊದಲು ನಾಟಕವನ್ನೇ ಓದಬೇಕಾ?

ಬೇಡ. ಮೊದಲು ಅವರ ಬಾಲ್ಯದ ನೆನಪುಗಳನ್ನು ಓದಿ.

ನೈಜೀರಿಯಾದ ಈ ಲೇಖಕರು ಹುಟ್ಟಿದ್ದು 1934ರಲ್ಲಿ. 1986ರಲ್ಲಿ ನೊಬೆಲ್ ಬಂತು. ನಾಟಕ, ಕವಿತೆ, ಕಾದಂಬರಿ, ಆತ್ಮಕಥನ ಎಲ್ಲ ಬರೆದಿದ್ದಾರೆ, ಹಾಗಾಗಿ ಹೊಸಬರಿಗೆ ಗಾಬರಿಯಾಗುವುದು ಸಹಜ. ಆದರೆ ಬಾಲ್ಯದ ನೆನಪುಗಳಿರುವ 1981ರ 'ಅಕೇ' ಪುಸ್ತಕವನ್ನು ಯಾರು ಬೇಕಾದರೂ ಓದಬಹುದು. ಅಬೆಯೊಕುಟಾ ಊರು, ಹೆಡ್‌ಮಾಸ್ಟರ್ ಅಪ್ಪ, ಭಾರಿ ದೈವಭಕ್ತಿಯ ಅಮ್ಮ. ಆ ಅಮ್ಮನಿಗೆ ಹುಡುಗ ಇಟ್ಟ ಹೆಸರು 'ವೈಲ್ಡ್ ಕ್ರಿಶ್ಚಿಯನ್'! ಚರ್ಚಿನ ಬಣ್ಣದ ಗಾಜಿನಲ್ಲಿರುವ ಸಂತನ ನಿಲುವಂಗಿ ಅವನ ಕಣ್ಣಿಗೆ ಎಗುಂಗುನ್ ವೇಷದ ಹಾಗೆ ಕಾಣುತ್ತದೆ. ಎಗುಂಗುನ್ ಅಂದರೆ ಯೊರುಬಾ ಜನ ಹಿರಿಯರ ಆತ್ಮಗಳಿಗಾಗಿ ಕಟ್ಟುವ ವೇಷ. ಕೊನೆಯ ಭಾಗದಲ್ಲಿ ಫುನ್ಮಿಲಾಯೊ ರಾನ್ಸಮ್-ಕುಟಿ ಅವರ ಮುಂದಾಳತ್ವದಲ್ಲಿ ಹೆಂಗಸರು ತೆರಿಗೆಯ ವಿರುದ್ಧ ಎದ್ದು ನಿಲ್ಲುತ್ತಾರೆ, ಹುಡುಗ ಅವರ ನಡುವೆ ಸುದ್ದಿ ಮುಟ್ಟಿಸುತ್ತಾ ಓಡಾಡುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟವಾದ ಭಾಗ ಅದು.

ಇದನ್ನು ಓದಿ ಆಮೇಲೆ 1975ರ 'ಡೆತ್ ಅಂಡ್ ದಿ ಕಿಂಗ್ಸ್ ಹಾರ್ಸ್‌ಮನ್' ನಾಟಕಕ್ಕೆ ಹೋಗಿ. ಯೊರುಬಾ ಜನರ ಹಳೆಯ ನಗರ ಓಯೊದಲ್ಲಿ 1940ರ ದಶಕದಲ್ಲಿ ನಡೆದ ಘಟನೆಯೇ ಅದರ ಮೂಲ. ರಾಜ ಸತ್ತಿದ್ದಾನೆ, ಅವನ ಕುದುರೆ ಸವಾರರ ಮುಖ್ಯಸ್ಥ ಪದ್ಧತಿಯಂತೆ ತಾನೂ ಸಾಯಬೇಕು, ಆದರೆ ಬ್ರಿಟಿಷ್ ಅಧಿಕಾರಿ ಅಡ್ಡ ಬರುತ್ತಾನೆ. ಅದೇ ಅಧಿಕಾರಿ ಮತ್ತು ಅವನ ಹೆಂಡತಿ ಪಾರ್ಟಿಗೆ ಹೋಗಲು ಎಗುಂಗುನ್ ವೇಷ ತೊಟ್ಟುಕೊಂಡಿರುತ್ತಾರೆ, ಸುಮ್ನೆ ಮೋಜಿಗೆ. 'ಅಕೇ'ಯ ಹುಡುಗನಿಗೆ ಆ ವೇಷದ ಬಗ್ಗೆ ಇದ್ದ ಬೆರಗು ಗೊತ್ತಿದ್ದರೆ ಈ ದೃಶ್ಯ ಎಷ್ಟು ಚುಚ್ಚುತ್ತದೆ ಅಂತ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಇದನ್ನು ಎರಡು ಸಂಸ್ಕೃತಿಗಳ ಜಗಳ ಅಂತ ಮಾತ್ರ ನೋಡಬೇಡಿ ಅಂತ ಸೊಯಿಂಕಾ ಅವರೇ ಮುನ್ನುಡಿಯಲ್ಲಿ ಎಚ್ಚರಿಸುತ್ತಾರೆ. ನಾಟಕದ ಹೊರೆ ಇರುವುದು ಆ ಸವಾರನ ಮನಸ್ಸಿನೊಳಗೆ. ಅವನು ಹಿಂಜರಿದದ್ದು ಅಧಿಕಾರಿಯಿಂದ ಮಾತ್ರವಾ?

ಮೂರನೆಯದು 1972ರ 'ದಿ ಮ್ಯಾನ್ ಡೈಡ್', ಅವರ ಜೈಲಿನ ನೆನಪುಗಳು. ನೈಜೀರಿಯಾದ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧ ತಡೆಯಲು ಓಡಾಡಿದ್ದಕ್ಕೆ 1967ರಲ್ಲಿ ಅವರನ್ನು ಬಂಧಿಸಿದರು. ಬಿಟ್ಟದ್ದು 1969ರಲ್ಲಿ, ಅದರಲ್ಲೂ ಜಾಸ್ತಿ ಕಾಲ ಒಂಟಿ ಸೆರೆಯಲ್ಲಿ. ಸಿಕ್ಕ ಕಾಗದದ ಚೂರುಗಳ ಮೇಲೆ, ಪುಸ್ತಕಗಳ ಸಾಲುಗಳ ನಡುವೆ ಬರೆದರು. ಓದಲು ಸುಲಭವಲ್ಲ, ಕೋಪ ತುಂಬಿದ ಪುಸ್ತಕ. ಆದರೂ ಬಿಡಬೇಡಿ.

ಕಾದಂಬರಿ ಕೊನೆಗಿರಲಿ. ಬರೆದದ್ದೇ ಮೂರು: 1965, 1973, ಆಮೇಲೆ 48 ವರ್ಷ ಬಿಟ್ಟು 2021. ಮೊದಲನೆಯದಾದ 'ದಿ ಇಂಟರ್‌ಪ್ರೆಟರ್ಸ್' ಕಾಲವನ್ನು ಹಿಂದೆ ಮುಂದೆ ಎಳೆಯುತ್ತದೆ, ಅದರಿಂದಲೇ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರೆ ನನಗೆ ಆಶ್ಚರ್ಯವಿಲ್ಲ. ಕಾದಂಬರಿಗಳಲ್ಲಿ ನಾನಾದರೆ 2021ರ 'ಕ್ರಾನಿಕಲ್ಸ್ ಫ್ರಮ್ ದಿ ಲ್ಯಾಂಡ್ ಆಫ್ ದಿ ಹ್ಯಾಪಿಯೆಸ್ಟ್ ಪೀಪಲ್ ಆನ್ ಅರ್ಥ್' ಅನ್ನೇ ಮೊದಲು ಕೈಗೆ ಕೊಡುತ್ತೇನೆ. ಮನುಷ್ಯರ ಅಂಗಾಂಗಗಳ ವ್ಯಾಪಾರದ ಬೆನ್ನು ಹತ್ತುವ ಕಥೆ ಅದು, ಬರೆದು ಪ್ರಕಟಿಸಿದಾಗ ಅವರಿಗೆ 87 ವರ್ಷ, ಜೈಲಿನ ಪುಸ್ತಕದಲ್ಲಿದ್ದ ಸಿಟ್ಟು ಒಂದಿಷ್ಟೂ ಕಮ್ಮಿಯಾಗಿಲ್ಲ.