ಎಗ್ ದ್ವೀಪದ ಮಾಡೆಲ್: ಬಲ್ಬ್ ಮಿಣುಕುವುದು ಕೊನೆಗೂ ನಿಂತಿತು

ಗೆದ್ದೆ! ಮೂರೂ ಬಲ್ಬ್‌ಗಳು ಈಗ ಹೇಳಿದ ಮಾತು ಕೇಳುತ್ತಿವೆ.

ಹೊಸಬರಿಗಾಗಿ ಎರಡು ಮಾತು. ನಾನು ಟೇಬಲ್ ಮೇಲೆ ಕಟ್ಟುತ್ತಿರುವುದು ಎಗ್ ದ್ವೀಪದ ಕರೆಂಟ್ ವ್ಯವಸ್ಥೆಯ ಪುಟ್ಟ ಮಾಡೆಲ್. ಎಗ್, ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ಪುಟ್ಟ ದ್ವೀಪ. ಸುಮಾರು ನೂರು ಜನ. ಹೊರಗಿನಿಂದ ಕರೆಂಟ್ ಲೈನ್ ಇಲ್ಲ. ಮೊದಲು ಹೆಚ್ಚಿನ ಮನೆಗಳಿಗೆ ಡೀಸೆಲ್ ಜನರೇಟರ್. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಒಂದೇ ಗ್ರಿಡ್‌ಗೆ ಸೇರಿಸಿದರು. ಒಂದು ಮನೆ ಒಂದು ಸಲಕ್ಕೆ 5 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುವ ಹಾಗಿಲ್ಲ.

ಮಾಡೆಲ್‌ಗೆ ಪೆಲ್ಟನ್ ಚಕ್ರ (ನೀರಿನ ರಭಸಕ್ಕೆ ತಿರುಗುವ ಟರ್ಬೈನ್), ಪ್ಯಾನೆಲ್, ಇನ್ವರ್ಟರ್ ಬೋರ್ಡ್ ಎಲ್ಲ ಆಗಿತ್ತು. ತಲೆ ತಿಂದದ್ದು ಬ್ಯಾಟರಿ ತುಂಬಿದ ಮೇಲಿನ ಪಾಡು. ಊರೆಲ್ಲ ಮಲಗಿದರೂ ನೀರು ಹರಿಯುತ್ತಲೇ ಇರುತ್ತೆ, ಅಲ್ವಾ? ಮಿಕ್ಕ ಕರೆಂಟನ್ನು ಎಗ್‌ನವರು ಸಮುದಾಯ ಭವನ, ಚರ್ಚ್‌ಗಳ ಹೀಟರ್‌ಗೆ ಬಿಡುತ್ತಾರೆ. ಇಂಥ ಗ್ರಿಡ್‌ನಲ್ಲಿ ಬ್ಯಾಟರಿ ತುಂಬಿದ ಸುದ್ದಿಯನ್ನು ಹೀಟರ್‌ಗೆ ಮುಟ್ಟಿಸಲು ಬೇರೆ ವೈರ್ ಬೇಡ. ಬ್ಯಾಟರಿ ತುಂಬಿದರೆ ಇನ್ವರ್ಟರ್ 50 ಹರ್ಟ್ಸನ್ನು (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಅಲೆಯುತ್ತದೆ ಎಂಬ ಲೆಕ್ಕ) ಸ್ವಲ್ಪ ಮೇಲೆತ್ತುತ್ತದೆ, ಅದನ್ನು ನೋಡಿ ಹೀಟರ್ ಆನ್ ಆಗುತ್ತದೆ, ಅಷ್ಟೇ.

ನನ್ನ ಟೇಬಲ್ ಮೇಲೆ ಹೀಟರ್ ಬದಲು ಮೂರು 24 ವೋಲ್ಟ್ ಬಲ್ಬ್. 51 ಹರ್ಟ್ಸ್ ಮುಟ್ಟಿದ ಕೂಡಲೇ ಮೂರೂ ಒಟ್ಟಿಗೆ ಹೊತ್ತುತ್ತಿದ್ದವು. ಬ್ಯಾಟರಿ ವೋಲ್ಟೇಜ್ ದಬಕ್ಕನೆ ಇಳಿದು ಮೂರೂ ಆರುತ್ತಿದ್ದವು. ಮತ್ತೆ ಹೊತ್ತು, ಮತ್ತೆ ಆರು. ಆನ್‌ಗೂ ಆಫ್‌ಗೂ ನಡುವೆ ಅಂತರ ಕೊಟ್ಟರೆ ಮಿಣುಕು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

ಆನ್-ಆಫ್ ಬಿಟ್ಟು ಡಿಮ್ಮರ್ ಕಟ್ಟೋಣವೆಂದರೆ ಅಂಗಡಿಯವರ ಕಾಟ. ಡಿಮ್ಮರ್‌ಗೆ ಬೇಕಾದ ಎಂಒಸಿ 3021 ಚಿಪ್ ಕೇಳಿದರೆ 3041 ಕಳಿಸಿದರು. ಅದು ವೋಲ್ಟೇಜ್ ಸೊನ್ನೆ ದಾಟುವಾಗ ಮಾತ್ರ ಆನ್ ಆಗುವ ಜಾತಿ. ಅಲೆಯ ನಡುವೆ ಆನ್ ಮಾಡಲಾಗದೆ ಅದರಲ್ಲಿ ಡಿಮ್ ಮಾಡುವುದು ಹೇಗೆ? ವಾಪಸ್ ಕಳಿಸಿದರೆ, ಮಳೆಗೆ ಕೊರಿಯರ್ ಘಾಟಿ ಹತ್ತಲೇ ಇಲ್ಲ.

ಸರಿಯಾದದ್ದು ಬಂದ ಮೇಲೆ ಮೂರು ಬಲ್ಬ್‌ಗೂ ಬೇರೆ ಬೇರೆ ಶುರು ಕೊಟ್ಟೆ: 50.3, 50.6, 50.9. ಹರ್ಟ್ಸ್ ಏರಿದಷ್ಟೇ ಬೆಳಕೂ ಏರಬೇಕು. ಮೀಟರ್ 50.5ರ ಹತ್ತಿರ ಬಂದು ಅಲ್ಲೇ ನಿಂತಿತು. ಮೊದಲ ಬಲ್ಬ್ ಅರ್ಧಕ್ಕಿಂತ ಜಾಸ್ತಿ ಉರಿಯುತ್ತಿದೆ, ಉಳಿದೆರಡು ಸುಮ್ನೆ ಕಾಯುತ್ತಿವೆ. ಮಾಡೆಲ್‌ನ ಒಂದು ಮನೆಯ ಸ್ವಿಚ್ ಆರಿಸಿದೆ. ಎರಡನೆಯದರ ತಂತಿ ಮೆಲ್ಲಗೆ ಕೆಂಪಾಯಿತು. ಎಷ್ಟು ಖುಷಿಯಾಯಿತು ಅಂದರೆ, ಆರಿಸಿ ಹಾಕಿ ಅದನ್ನೇ ನೋಡುತ್ತಾ ಕೂತೆ.

ಈಗ ಮನಸ್ಸೆಲ್ಲ ತೋಟದ ತೋಡಿನ ಮೇಲೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಇಳಿದರೆ, ಅರ್ಧ ನಷ್ಟ ಕಳೆದರೂ ಸುಮಾರು 1 ಕಿಲೋವ್ಯಾಟ್. ಎಗ್‌ನಲ್ಲಿ ಬೇಸಿಗೆಗೆ ನೀರು ಕಡಿಮೆಯಾದಾಗ ಬಿಸಿಲು ಕೈಹಿಡಿಯುತ್ತದೆ. ಕೊಡಗಿನಲ್ಲೂ ಅದೇ ಲೆಕ್ಕ: ಮಳೆಗಾಲಕ್ಕೆ ತೋಡು, ಫೆಬ್ರವರಿ-ಮಾರ್ಚ್‌ಗೆ ಪ್ಯಾನೆಲ್. ಮಿಕ್ಕ ಕರೆಂಟನ್ನು ಏಲಕ್ಕಿ ಒಣಗಿಸಲು ಬಿಡುವ ಆಸೆ. ಸೋಮವಾರಪೇಟೆ ಕಡೆ ಯಾರ ಬಳಿಯಾದರೂ ಹಳೆಯ 4 ಇಂಚಿನ ಪೈಪ್ ಬಿದ್ದಿದ್ದರೆ ಹೇಳಿ, ಜೀಪ್ ತಂದು ಒಯ್ಯುತ್ತೇನೆ.