ಗಂಗಾಮೂಲದಿಂದ ಕೇಡಗಾವ್‌ಗೆ

ಪುಣೆಯಿಂದ ದೌಂಡ್ ಕಡೆಗೆ ಹೋಗುವ ಬೆಳಗಿನ ರೈಲು ಹತ್ತಿದಾಗ ಜೊತೆಗೆ ನಮ್ಮ ಪಕ್ಕದ ಮನೆಯ ಧಾರವಾಡದ ಅಕ್ಕ ಇದ್ದರು. "ಎಲ್ಲಾರೂ ಆಳಂದಿಗೆ ಹೋಗ್ತಾರ, ನೀ ಕೇಡಗಾವ್‌ಗೆ ಹೊಂಟೀಯಲ್ಲ" ಅಂದರು.

ಸಂತ ಜ್ಞಾನೇಶ್ವರರ ಸಮಾಧಿ ಇರುವ ಆಳಂದಿಗೆ ಹೋಗಿ ಬಂದಾಗಿತ್ತು. ಅಮ್ಮ ತೀರಿಕೊಂಡು ಎರಡು ವರ್ಷ ಆಯಿತು. ಅಲ್ಲಿಂದ ಎಲ್ಲೆಲ್ಲೋ ಸುತ್ತಿದ್ದೇನೆ. ಆಳಂದಿಯ ಇಂದ್ರಾಯಣಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದೇನೆ, ಧ್ಯಾನ ಶಿಬಿರದಲ್ಲಿ ಹತ್ತು ದಿನ ಬಾಯಿ ಮುಚ್ಚಿಕೊಂಡು ಇದ್ದೆ. ಮನೆಯಲ್ಲಿ ದೀಪ ಹಚ್ಚುವುದನ್ನೂ ಬಿಟ್ಟಿಲ್ಲ. ಆದರೆ ಬತ್ತಿ ಮುಂದೆ ಮಾಡುವಾಗ ಅದು ಅಮ್ಮನ ಕೈ ಅನ್ನಿಸುತ್ತದೆ. ಇದರಲ್ಲಿ ನನ್ನದು ಯಾವುದು ಅಂತ ಗೊತ್ತಾಗುವುದಿಲ್ಲ.

ಕೇಡಗಾವ್ ಅಂದರೆ ಸಂಸ್ಕೃತ ವಿದುಷಿ, ದಿಕ್ಕಿಲ್ಲದ ಹೆಂಗಸರಿಗೆ ಆಸರೆಯಾದ ಪಂಡಿತಾ ರಮಾಬಾಯಿ ಬದುಕಿದ ಊರು. ನಾನು ಕಳಸದವಳು. ಚಿಕ್ಕವಳಿದ್ದಾಗ ಕುದುರೆಮುಖದ ದಾರಿಯಲ್ಲಿ ಅಪ್ಪ ಕಾಡಿನ ಕಡೆ ಕೈ ತೋರಿಸಿ, "ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋದು ಇಲ್ಲೇ, ಗಂಗಾಮೂಲದಲ್ಲಿ" ಅನ್ನುತ್ತಿದ್ದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದೂ ಅಲ್ಲೇ ಅಂತ ನಮಗೆ ಯಾರೂ ಹೇಳಲಿಲ್ಲ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಬೈಸಿಕೊಂಡ ಅನಂತ ಶಾಸ್ತ್ರಿ ಡೋಂಗ್ರೆ ಆ ಕಾಡಿನಲ್ಲಿ ಮನೆ ಮಾಡಿದ್ದರು. ಆರು ತಿಂಗಳ ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಘಟ್ಟ ಇಳಿದರು. ಆಮೇಲೆ ದೇವಸ್ಥಾನದಿಂದ ದೇವಸ್ಥಾನಕ್ಕೆ ಪುರಾಣ ಹೇಳುತ್ತಾ ತಿರುಗಾಟ. ಬೆಳಕು ಹರಿಯುವ ಮೊದಲೇ ತಾಯಿ ಲಕ್ಷ್ಮೀಬಾಯಿ ಮುದ್ದುಮಾಡಿ ಎಬ್ಬಿಸಿ ಪಾಠ ಹೇಳಿಕೊಡುತ್ತಿದ್ದರಂತೆ. ಇದನ್ನು ಓದಿದ ದಿನವೇ ಕೇಡಗಾವ್‌ಗೆ ಹೋಗಬೇಕು ಅನ್ನಿಸಿತು.

ಕಿಟಕಿಯಾಚೆ ಕಬ್ಬು, ಕಬ್ಬು, ಕಬ್ಬು. ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು.

ಕೇಡಗಾವ್‌ನ ಮುಕ್ತಿ ಮಿಷನ್‌ನಲ್ಲಿ ಬೇವಿನ ನೆರಳು ಜಾಸ್ತಿ. ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ರಮಾಬಾಯಿ ಕರೆತಂದಿದ್ದು ಇಲ್ಲಿಗೆ. ಇವತ್ತೂ ಇಲ್ಲಿ ಹೆಂಗಸರು, ಮಕ್ಕಳು ಇದ್ದಾರೆ. ರಮಾಬಾಯಿಯ ಸಮಾಧಿಯ ಹತ್ತಿರ ತುಂಬ ಹೊತ್ತು ನಿಂತೆ.

1874ರಲ್ಲಿ ಬರಗಾಲ ರಮಾಬಾಯಿಯ ಅಪ್ಪ ಅಮ್ಮನನ್ನು ನುಂಗಿತು. ಅಣ್ಣನ ಜೊತೆ ದೇಶವೆಲ್ಲ ನಡೆದು ಕಲ್ಕತ್ತೆ ಮುಟ್ಟಿದಾಗ, ಇಪ್ಪತ್ತರ ಹುಡುಗಿಗೆ ಪಂಡಿತರು 'ಸರಸ್ವತಿ' ಅಂತ ಬಿರುದು ಕೊಟ್ಟರು. ಅಷ್ಟರಲ್ಲಿ ಹಳೆಯ ನಂಬಿಕೆ ಸಡಿಲಾಗಿತ್ತು. ಮದುವೆಯಾಗಿ ಎರಡು ವರ್ಷದೊಳಗೇ ಗಂಡ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 'ಮತ ಬಿಟ್ಟವಳು' ಅಂತ ಇವತ್ತಿಗೂ ಒಂದೇ ಮಾತಿನಲ್ಲಿ ರಮಾಬಾಯಿಯನ್ನು ಮುಗಿಸಿಬಿಡುತ್ತಾರೆ. ಅದು ಅನ್ಯಾಯ. ಅಲ್ಲಿ ಹೋಗಿಯೂ ಆಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಒಬ್ಬ ಪುರೋಹಿತರಿಂದ ಬಿಡಿಸಿಕೊಂಡು ಇನ್ನೊಬ್ಬರ ಕೈಗೆ ಸಿಗಲು ತಯಾರಿರಲಿಲ್ಲ. ಮುಂದೆ ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಕಡಿಮೆ ಇರುವ ಹೆಂಗಸಿಗೂ ತಿಳಿಯುವಂಥ ಮರಾಠಿಗೆ ಬೈಬಲ್ ಅನುವಾದ ಮಾಡುತ್ತಾ ಇಲ್ಲೇ ಕೂತರು. ಅಚ್ಚಿನ ಮೊಳೆ ಜೋಡಿಸಿದ್ದು ಇಲ್ಲಿನ ಹುಡುಗಿಯರೇ. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ.

ಮತ ಬದಲಿಸುವ ಯೋಚನೆ ನನಗಿಲ್ಲ. ಆದರೆ ತಾಯಿ ನಸುಕಿನಲ್ಲಿ ಕೊಟ್ಟ ಸಂಸ್ಕೃತವನ್ನು ರಮಾಬಾಯಿ ಶಿಲುಬೆಯ ತನಕ ಒಯ್ದರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಕಣ್ಣು ತುಂಬಿತು. ಎರಡು ವರ್ಷದಲ್ಲಿ ಮೊದಲ ಸಲ ಚೆನ್ನಾಗಿ ಅತ್ತೆ.

"ಯಾಕ ಯವ್ವಾ? ಬಾ, ನೀರು ಕುಡಿ." ತಿರುಗಿ ನೋಡಿದರೆ ಒಬ್ಬ ಅಜ್ಜಿ. ನಮ್ಮ ಮಾತು ಕೇಳಿಸಿಕೊಂಡಿದ್ದರಂತೆ. ಕಲಬುರಗಿ ಕಡೆಯವರು, ಇಲ್ಲಿಗೆ ಬಂದು ನಲವತ್ತು ವರ್ಷವಂತೆ. ಕಟ್ಟೆಯ ಮೇಲೆ ಮೊರದ ತುಂಬ ಮೆಂತ್ಯ ಸೊಪ್ಪು. ಅಮ್ಮ ಇಲ್ಲ ಅಂದೆ. ಅಜ್ಜಿ ಏನೂ ಹೇಳಲಿಲ್ಲ. ಒಂದು ಕಟ್ಟು ಬಿಚ್ಚಿ ನನ್ನ ಮುಂದೆ ಇಟ್ಟರು.

ಬೇರು ಮುರಿದು, ಹಳದಿ ಎಲೆ ಬೇರೆ ಮಾಡಿ, ಎಳೆ ದಂಟು ಇರಿಸಿಕೊಂಡು ಸೋಸತೊಡಗಿದೆ. ಅಮ್ಮ ಕಲಿಸಿದ ಹಾಗೆಯೇ. ಅಕ್ಕನೂ ಬಂದು ಕೂತರು. ಅಜ್ಜಿ ಊರಿನ ಮಳೆ, ಜೋಳದ ರೇಟು ಕೇಳುತ್ತಿದ್ದರು. ಮಧ್ಯಾಹ್ನದ ರೈಲು ಹೋಯಿತು. ಸಂಜೆಯದಕ್ಕೆ ಬಂದೆವು.