ಸೆನ್ಸಾರ್‌ಗೆ ಹೋಗುವ ಮುನ್ನ ಕೈಯಲ್ಲಿ ಇರಬೇಕಾದದ್ದು

ರಿಲೀಸ್ ಡೇಟ್ ಘೋಷಿಸಿ, ಪೋಸ್ಟರ್ ಅಂಟಿಸಿ, ಆಮೇಲೆ ಸೆನ್ಸಾರ್‌ಗೆ ಅರ್ಜಿ ಹಾಕುವ ಕನ್ನಡ ನಿರ್ಮಾಪಕರು ಈಗಲೂ ಇದ್ದಾರೆ. ಅಂಥವರಿಗೆ ಮಂಡಳಿ ಹೇಳುವ ಕಟ್‌ಗಳೆಲ್ಲ ನ್ಯಾಯವಾಗಿಯೇ ಕಾಣುತ್ತವೆ; ವಾದ ಮಾಡೋಣವೆಂದರೆ ದಿನಗಳೇ ಉಳಿದಿರುವುದಿಲ್ಲ.

ಅರ್ಜಿ ಹಾಕುವುದು ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ, ನೋಡಿಕೊಳ್ಳುವುದು ಬೆಂಗಳೂರಿನ ಪ್ರಾದೇಶಿಕ ಕಚೇರಿ. ಕಥಾಸಾರ, ಪೂರ್ತಿ ಸಂಭಾಷಣೆ, ಹಾಡುಗಳ ಸಾಹಿತ್ಯ, ಚಿತ್ರದ ಅವಧಿಗೆ ತಕ್ಕ ಶುಲ್ಕ, ಇವು ಮೂಲ ಸಾಮಗ್ರಿ. ಸಂಭಾಷಣೆ ಎಂದರೆ ಶೂಟಿಂಗ್‌ಗೆ ಒಯ್ದ ಪ್ರತಿಯಲ್ಲ, ತೆರೆಯ ಮೇಲೆ ಕೇಳಿಸುವ ಮಾತು. ಡಬ್ಬಿಂಗ್ ವೇಳೆ ಹಾಸ್ಯನಟ ಸೇರಿಸಿದ ಎರಡು ಬೈಗುಳ ಕಾಗದದಲ್ಲಿ ಇರುವುದಿಲ್ಲ, ಚಿತ್ರ ನೋಡುವ ಪರಿಶೀಲನಾ ಸಮಿತಿಯ ಕಿವಿಗೆ ಮಾತ್ರ ಬೀಳುತ್ತದೆ. ಕೊನೆಯ ಮಿಕ್ಸಿಂಗ್ ಮುಗಿದ ಮೇಲೆ ಒಬ್ಬರನ್ನು ಕೂರಿಸಿ, ಚಿತ್ರ ಓಡಿಸಿ, ಸ್ಕ್ರಿಪ್ಟ್ ತಿದ್ದಿಸುವುದೇ ಸರಿ.

ಹೆಚ್ಚು ಜನ ಸಿಕ್ಕಿಬೀಳುವುದು ಪ್ರಾಣಿಗಳಿಂದ. ದೃಶ್ಯದಲ್ಲಿ ನಾಯಿ, ಕೋಳಿ, ಕುದುರೆ ಬಳಸಿದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು. ಇದರ ಅರ್ಜಿ ಶೂಟಿಂಗ್‌ಗೆ ಮೊದಲೇ ಹೋಗಬೇಕು. ಚಿತ್ರ ಮುಗಿಸಿ ನೆನಪಾದರೆ ದಾರಿ ಬಲು ಉದ್ದ. ಪ್ರಾಣಿ ನಿಜದ್ದಲ್ಲ, ಗ್ರಾಫಿಕ್ಸ್ ಎಂದು ಬಾಯಿಮಾತಲ್ಲಿ ಹೇಳಿದರೆ ಸಾಲದು, ಪುರಾವೆ ಇಟ್ಟುಕೊಂಡಿರಿ. ಅಷ್ಟೇನೂ ಮುಖ್ಯವಲ್ಲದ ಕೋಳಿಯೊಂದಕ್ಕಾಗಿ ಒಳ್ಳೆಯ ದೃಶ್ಯವನ್ನೇ ಕಿತ್ತುಹಾಕುವ ಪರಿಸ್ಥಿತಿ ಬರುತ್ತದೆ.

ಸಿಗರೇಟಿನದು ಸುಲಭ, ಆದರೂ ತಪ್ಪುತ್ತಾರೆ. ಆರಂಭದಲ್ಲಿ ಮತ್ತು ಮಧ್ಯದಲ್ಲಿ ಕನಿಷ್ಠ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ, ಜೊತೆಗೆ ಕನಿಷ್ಠ 20 ಸೆಕೆಂಡಿನ ದೃಶ್ಯ-ಶ್ರಾವ್ಯ ಹೇಳಿಕೆ, ತಂಬಾಕು ಕಾಣುವಷ್ಟು ಹೊತ್ತೂ ತೆರೆಯ ಕೆಳಗೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರದ ಸಾಲು, ಅದೂ ಚಿತ್ರದ ಭಾಷೆಯಲ್ಲೇ. ಹಿನ್ನೆಲೆಯ ಟೇಬಲ್ ಮೇಲಿನ ಬೀಡಿ ಕಟ್ಟನ್ನು ಎಡಿಟರ್ ಗಮನಿಸಿರುವುದಿಲ್ಲ, ಸಮಿತಿ ಗಮನಿಸುತ್ತದೆ.

ಪರಿಶೀಲನಾ ಸಮಿತಿ ನಿಮ್ಮನ್ನು ಹೊರಗಿಟ್ಟು ಚಿತ್ರ ನೋಡುತ್ತದೆ. ಬರುವ ತೀರ್ಪು ಯು (ಎಲ್ಲರಿಗೂ), ಯುಎ (ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕು), ಎ (ವಯಸ್ಕರಿಗೆ ಮಾತ್ರ), ಎಸ್ (ವಿಶೇಷ ವರ್ಗದವರಿಗೆ ಮಾತ್ರ) ಇವುಗಳಲ್ಲೊಂದು. 2023ರ ತಿದ್ದುಪಡಿ ಯುಎಯನ್ನು 7+, 13+, 16+ ಎಂದು ಒಡೆದಿದೆ. ಹತ್ತು ವರ್ಷವಿದ್ದ ಪ್ರಮಾಣಪತ್ರದ ಅವಧಿ ಈಗ ಶಾಶ್ವತ. ನಿರ್ಮಾಪಕರು ಯುಎಗಾಗಿ ಹಟ ಹಿಡಿಯುವುದು ಮಕ್ಕಳ ಟಿಕೆಟಿಗಾಗಿ ಮಾತ್ರವಲ್ಲ. ಎ ಸಿಕ್ಕ ಚಿತ್ರ ಹಾಗೇ ಟಿವಿಗೆ ಹೋಗುವಂತಿಲ್ಲ, ಬೇಕಾದ ಬದಲಾವಣೆ ಮಾಡಿ ಬೇರೆ ಪ್ರಮಾಣಪತ್ರ ಪಡೆಯಬೇಕು. ಸ್ಯಾಟಲೈಟ್ ಹಕ್ಕಿನ (ಟಿವಿ ಪ್ರಸಾರದ ಹಕ್ಕಿನ) ಮಾತುಕತೆಯೇ ಈ ಒಂದಕ್ಷರದ ಮೇಲೆ ನಿಂತಿರುವಾಗ, ನಿರ್ದೇಶಕನ ಆಕ್ಷೇಪ ಯಾರಿಗೆ ಬೇಕು?

ಕಟ್ ಪಟ್ಟಿ ಒಪ್ಪಿಗೆಯಾಗದಿದ್ದರೆ ಚಿತ್ರವನ್ನು ಮತ್ತೆ ನೋಡುವ ರಿವೈಸಿಂಗ್ ಕಮಿಟಿಗೆ ಹೋಗಬಹುದು. ಮೊದಲು ನೋಡಿದವರು ಅದರಲ್ಲಿ ಇರುವುದಿಲ್ಲ. ಹೋಗುವಾಗ "ಕಲಾತ್ಮಕ ಸ್ವಾತಂತ್ರ್ಯ" ಎಂಬ ಭಾಷಣ ಬೇಡ. ಪ್ರತಿ ಕಟ್‌ಗೂ ಟೈಮ್‌ಕೋಡ್ ಸಮೇತ ಬರೆದು, ಆ ದೃಶ್ಯ ತೆಗೆದರೆ ಮುಂದಿನ ಯಾವ ದೃಶ್ಯ ಅರ್ಥ ಕಳೆದುಕೊಳ್ಳುತ್ತದೆ ಎಂದು ತೋರಿಸಿ. ಕತ್ತರಿಯ ಬದಲು ಮ್ಯೂಟ್ ಅಥವಾ ಪದ ಬದಲಾವಣೆ ಸಾಕೇ ಎಂದು ಕೇಳಿ, ಎಷ್ಟೋ ಸಲ ಸಾಕಾಗುತ್ತದೆ.

ಅದಾದ ಮೇಲೆ ಉಳಿಯುವುದು ಹೈಕೋರ್ಟ್. ಮೊದಲು ಮೇಲ್ಮನವಿ ನ್ಯಾಯಮಂಡಳಿಯಿತ್ತು, 2021ರಲ್ಲಿ ಅದನ್ನು ರದ್ದು ಮಾಡಿದರು. ಸಿನಿಮಾ ಬಲ್ಲವರು ಕೂತು ಕೇಳುತ್ತಿದ್ದ ಜಾಗ ಹೋಗಿ, ವಕೀಲರ ಫೀಸು ಬಂದಿದೆ. ದೊಡ್ಡ ಸಂಸ್ಥೆಗೆ ಇದು ಲೆಕ್ಕಕ್ಕಿಲ್ಲ. ಸಾಲ ಮಾಡಿ ಚಿತ್ರ ತೆಗೆದವನಿಗೆ ಮೇಲ್ಮನವಿ ಹಕ್ಕು ಕಾನೂನಿನಲ್ಲಷ್ಟೇ ಉಳಿದಂತಾಯಿತು. ಒಂದು ಸಮಾಧಾನವಿದೆ. ಪ್ರಮಾಣಪತ್ರ ಸಿಕ್ಕ ಚಿತ್ರವನ್ನು ಕೇಂದ್ರ ಸರ್ಕಾರ ಮತ್ತೆ ಪರಿಶೀಲಿಸುವಂತಿಲ್ಲ. ನಮ್ಮವರೇ ಆದ ನಿರ್ದೇಶಕ ಕೆ.ಎಂ. ಶಂಕರಪ್ಪ ಹೂಡಿದ ದಾವೆಯಲ್ಲಿ ಕರ್ನಾಟಕ ಹೈಕೋರ್ಟ್ ಹಾಗೆ ಹೇಳಿತು, 2000ದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ವೆಬ್ ಸೀರೀಸ್‌ಗೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ; ತಂಬಾಕಿನ ಎಚ್ಚರಿಕೆ ಮಾತ್ರ 2023ರಿಂದ ಒಟಿಟಿಗೂ ಅನ್ವಯಿಸುತ್ತದೆ. 2021ರ ಐಟಿ ನಿಯಮದ ಪ್ರಕಾರ ಒಟಿಟಿಗಳು ತಾವೇ ವಯಸ್ಸಿನ ದರ್ಜೆ ಹಾಕಿಕೊಳ್ಳುತ್ತವೆ. ದೂರು ಮೊದಲು ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಹೋಗಬೇಕು, ಸೆನ್ಸಾರ್ ಮಂಡಳಿಗಲ್ಲ.

ಬಿಡುಗಡೆಯಾದ ಮೇಲೂ ಒಂದು ಬಲೆ ಕಾದಿರುತ್ತದೆ. ಮೊದಲ ಶೋ ನೋಡಿ "ಸೆಕೆಂಡ್ ಹಾಫ್ ಎಳೆದಿದೆ" ಎನ್ನುತ್ತಾರೆ. ಶನಿವಾರವೇ ಹತ್ತು ನಿಮಿಷ ಕತ್ತರಿಸಿ ಹೊಸ ಫೈಲ್ ಕಳಿಸುವ ಅವಸರ. ಪ್ರಮಾಣಪತ್ರ ಸಿಕ್ಕಿರುವುದು ಹಳೆಯ ಅವಧಿಯ ಚಿತ್ರಕ್ಕೆ. ತೆಗೆದದ್ದನ್ನೂ ಸೇರಿಸಿದ್ದನ್ನೂ ಮಂಡಳಿಗೆ ತಿಳಿಸಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳದೆ ಪ್ರದರ್ಶಿಸಿದರೆ ಅಪರಾಧ: ಮೂರು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಕತ್ತರಿಸಬೇಕೆನಿಸಿದರೆ ಸೆನ್ಸಾರ್‌ಗೆ ಕೊಡುವ ಮುನ್ನವೇ ಕತ್ತರಿಸಿ, ಇಲ್ಲವೇ ನಮೂದು ಬರುವವರೆಗೆ ಹಳೆಯ ಪ್ರತಿಯನ್ನೇ ಓಡಿಸಿ.